ಬೂದಿ ಮುಚ್ಚಿದ ಕೆಂಡ: ಕಾಡಿನಲ್ಲಿ ರಾತ್ರಿ ಕಳೆಯುವವರ ಜೊತೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಸಣ್ಣ ಸಂಗತಿ. ಒಳಗೆ ಬರುವಾಗ ಅಂಗಳದಲ್ಲಿ ಹಳೇ ಕಬ್ಬಿಣದ ಬಾಣಲೆ ಇಟ್ಟಿರುವುದನ್ನು ನೋಡಿರಬಹುದು. ಸಂಜೆ ಅದರಲ್ಲಿ ನಾಲ್ಕು ತುಂಡು ಕಟ್ಟಿಗೆ ಉರಿಸಿದೆವು. ಕೆಂಡವಾದ ಮೇಲೆ ನಿಮ್ಮ ಚಾರಣ ಬಳಗದ ಇಬ್ಬರು ಹುಡುಗರ ಕೈಯಲ್ಲೇ ಒಂದು ಬುಟ್ಟಿ ಮಣ್ಣು ಸುರಿಸಿದೆ. ಹೊಗೆ ನಿಂತಿತು. "ಆರಿತಾ?" ಅಂತ ಕೇಳಿದೆ. "ಆರಿತು ಸಾರ್, ಪೂರ್ತಿ ಆರಿತು" ಅಂದರು. ಸರಿ, ಅದು ಅಲ್ಲೇ ಇರಲಿ. ನನ್ನ ಮಾತು ಮುಗಿದ ಮೇಲೆ ನೋಡೋಣ.

ನಮ್ಮಜ್ಜಿ ರಾತ್ರಿ ಊಟವಾದ ಮೇಲೆ ಒಲೆಯ ಕೆಂಡವನ್ನೆಲ್ಲ ಒಂದು ಮೂಲೆಗೆ ಎಳೆದು, ಮೇಲೆ ಬೂದಿ ಮುಚ್ಚಿ ಮಲಗುತ್ತಿದ್ದಳು. ಬೆಳಗ್ಗೆ ಎದ್ದು ಬೂದಿ ಸರಿಸಿ, ತೆಂಗಿನ ನಾರು ಇಟ್ಟು, ಊದುಕೊಳವೆಯಲ್ಲಿ ನಾಲ್ಕು ಸಲ ಊದಿದರೆ ಒಲೆ ಹೊತ್ತಿಕೊಳ್ಳುತ್ತಿತ್ತು. ಬೆಂಕಿಪೊಟ್ಟಣ ಮನೆಯಲ್ಲಿತ್ತು, ಆದರೆ ಅದು ದೇವರ ದೀಪಕ್ಕೆ. 'ಬೂದಿ ಮುಚ್ಚಿದ ಕೆಂಡ' ಅನ್ನುವ ಮಾತನ್ನು ನಾವೀಗ ಯಾರದೋ ಸಿಟ್ಟಿನ ಬಗ್ಗೆ, ಊರಿನ ರಾಜಕೀಯದ ಬಗ್ಗೆ ಬಳಸುತ್ತೇವೆ. ಅದು ಹುಟ್ಟಿದ್ದು ಅಡುಗೆಮನೆಯಲ್ಲೇ ಇರಬೇಕು. ಬೂದಿ ಗಾಳಿಯನ್ನು ತಡೆಯುತ್ತದೆ, ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಕೆಂಡ ಉರಿಯದೆ, ಸಾಯದೆ, ಎಂಟು ಹತ್ತು ಗಂಟೆ ಹಾಗೇ ಕಾಯುತ್ತದೆ.

ಮಣ್ಣು ಮಾಡುವುದೂ ಇದನ್ನೇ. ಚಾರಣಕ್ಕೆ ಹೋದ ಹತ್ತು ಜನರಲ್ಲಿ ಒಂಬತ್ತು ಜನ ಬೆಂಕಿ ಆರಿಸುವುದು ಹೇಗೆ? ಬೂಟುಗಾಲಲ್ಲಿ ಮಣ್ಣು ತಳ್ಳಿ, ಎರಡು ಸಲ ತುಳಿದು, ಒಂದು ಫೋಟೊ ತೆಗೆದು ಹೊರಡುತ್ತಾರೆ. ನಮ್ಮಜ್ಜಿ ಕೆಂಡ ಉಳಿಸಲು ಮಾಡುತ್ತಿದ್ದುದನ್ನೇ ನಾವು ಕೆಂಡ ಆರಿಸಲು ಮಾಡುತ್ತಿದ್ದೇವೆ!

ಬೇರೆಯವರ ತಪ್ಪು ಎತ್ತಿ ಆಡುತ್ತಿದ್ದೇನೆ ಅಂದುಕೊಳ್ಳಬೇಡಿ. ನಾನೂ ಇದನ್ನು ಮಾಡಿದವನೇ. ಕಾಲೇಜು ಮುಗಿಸಿದ ವರ್ಷ, ಐದು ಜನ ಗೆಳೆಯರು ಘಟ್ಟದ ಮೇಲೆ, ಹುಲ್ಲುಗಾವಲು ಮುಗಿದು ಮರ ಶುರುವಾಗುವ ಅಂಚಿನಲ್ಲಿ ತಂಗಿದ್ದೆವು. ಅನುಮತಿ ಕೇಳಬೇಕು ಅನ್ನುವುದೇ ಗೊತ್ತಿರಲಿಲ್ಲ. ಒಂದು ಹಳೇ ಬುಡದ ಪಕ್ಕ ಬೆಂಕಿ ಹಾಕಿದೆವು, ಗಾಳಿಗೆ ಮರೆ ಅಂತ. ಬೆಳಗ್ಗೆ ಮಣ್ಣು ಮುಚ್ಚಿ ಹೊರಟೆವು. ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಇಳಿಯುವಾಗ ನೋಡಿದರೆ, ನಾವು ಬೆಂಕಿ ಹಾಕಿದ ಜಾಗದಿಂದ ಹತ್ತಡಿ ಆಚೆ ನೆಲದೊಳಗಿಂದ ಸಣ್ಣಗೆ ಹೊಗೆ ಬರುತ್ತಿದೆ. ಬೆಂಕಿ ಒಣ ಬೇರು ಹಿಡಿದು ನೆಲದಡಿಯಲ್ಲೇ ನಡೆದು ಹೋಗಿತ್ತು. ಹುಲ್ಲು ಒಂದು ಅಂಗಳದಷ್ಟು ಅಗಲ ಕರಕಲಾಗಿತ್ತು. ಹಿಂದಿನ ರಾತ್ರಿ ಬಿದ್ದ ಹನಿ ಮಳೆ ನಮ್ಮ ಮಾನ ಉಳಿಸಿತ್ತು. ಮಳೆ ಬೀಳದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ಎಷ್ಟೋ ರಾತ್ರಿ ನಿದ್ದೆ ಬಿಟ್ಟಿದ್ದೇನೆ.

ಕಾಡಿನ ನೆಲ ಅಂದರೆ ಬರೀ ಮಣ್ಣಲ್ಲ. ಮೇಲೆ ತರಗೆಲೆ, ಅದರ ಕೆಳಗೆ ಅರ್ಧ ಕೊಳೆತ ಎಲೆ, ಅದರ ಕೆಳಗೆ ಬೇರಿನ ಜಾಲ. ಬೇಸಿಗೆಯಲ್ಲಿ ಇದೆಲ್ಲ ಬೆರಣಿಯ ಹಾಗೆ. ಉರಿಯುವುದಿಲ್ಲ, ಕನಲುತ್ತಾ ಹೋಗುತ್ತದೆ. ಮಧ್ಯಾಹ್ನ ಗಾಳಿ ಎದ್ದಾಗ ಎಲ್ಲೋ ಒಂದು ಕಡೆ ಹೊರಗೆ ಬಂದು ಹುಲ್ಲಿಗೆ ತಗಲುತ್ತದೆ.

ಹುಲ್ಲಿಗೆ ತಗಲಿದ ಮೇಲೆ ಅದರ ಲೆಕ್ಕವೇ ಬೇರೆ. ಬೆಂಕಿ ಗುಡ್ಡ ಹತ್ತುವಾಗ ವೇಗ ಹೆಚ್ಚುತ್ತದೆ, ಯಾಕೆಂದರೆ ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗಿರುತ್ತದೆ, ಅದನ್ನು ಮೊದಲೇ ಕಾಯಿಸಿಟ್ಟಿರುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಇಮ್ಮಡಿ ಎಂಬುದು ಕಾಳ್ಗಿಚ್ಚಿನ ಕೆಲಸದಲ್ಲಿರುವವರ ಅಂದಾಜು. ಮನುಷ್ಯನಿಗೆ ಇದು ತಿರುಗುಮುರುಗು. ಏರು ಬಂದರೆ ನಮ್ಮ ಕಾಲು ನಿಧಾನ, ಬೆಂಕಿಯ ಕಾಲು ಚುರುಕು. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಒಣಹುಲ್ಲಿನ ಇಳಿಜಾರಿನಲ್ಲಿದ್ದ ಚಾರಣಿಗರ ಗುಂಪು ಕಾಳ್ಗಿಚ್ಚಿಗೆ ಸಿಕ್ಕಿತು. 20ಕ್ಕೂ ಹೆಚ್ಚು ಜನ ತೀರಿಕೊಂಡರು. ಹೆಚ್ಚಿನವರು ನಿಮ್ಮಂತೆಯೇ ವಾರಾಂತ್ಯಕ್ಕೆ ಊರು ಬಿಟ್ಟು ಬಂದ ಎಳೆಯರು. ಆ ಬೆಂಕಿಯನ್ನು ಯಾರು ಹಚ್ಚಿದರು ಅನ್ನುವ ಚರ್ಚೆಗೆ ನಾನು ಹೋಗುವುದಿಲ್ಲ. ಮಾರ್ಚ್ ತಿಂಗಳ ಹುಲ್ಲುಗುಡ್ಡದಲ್ಲಿ ಬೆಂಕಿ ಎಷ್ಟು ಹೊತ್ತಿಗೆ ಎಲ್ಲಿಗೆ ಬರುತ್ತದೆ ಅನ್ನುವುದನ್ನಷ್ಟೇ ನೆನಪಿಡಿ.

ಬಂಡೀಪುರದ ವಿಷಯವನ್ನೂ ಹೇಳಿಬಿಡುತ್ತೇನೆ, ಆದರೆ ಪ್ರಾಮಾಣಿಕವಾಗಿ. 2019ರ ಫೆಬ್ರವರಿಯಲ್ಲಿ ಗೋಪಾಲಸ್ವಾಮಿ ಬೆಟ್ಟದ ಸುತ್ತ ಹತ್ತಿದ ಬೆಂಕಿ 4,000 ಹೆಕ್ಟೇರಿಗೂ ಹೆಚ್ಚು ಕಾಡನ್ನು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ನೀರು ಸುರಿಯಬೇಕಾಯಿತು. ಅದು ಚಾರಣಿಗರ ಕ್ಯಾಂಪ್‌ಫೈರ್‌ನಿಂದ ಆದದ್ದಲ್ಲ. ನಮ್ಮ ಕಾಡಿನ ಎಲ್ಲ ಬೆಂಕಿಗೂ ಚಾರಣಿಗರೇ ಕಾರಣ ಅನ್ನುವವರು ಇದ್ದಾರೆ, ಅದು ಸುಳ್ಳು. ಆದರೆ ಹೆಲಿಕಾಪ್ಟರ್ ಬರುವ ಮೊದಲು ಅಲ್ಲಿ ಕೆಲಸ ಮಾಡಿದವರು ಯಾರು ಅಂತ ಗೊತ್ತಿರಲಿ. ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಯ ಅಂಚನ್ನು ಬಡಿಯುವ ಗಾರ್ಡ್‌ಗಳು, ದಿನಗೂಲಿಯ ವಾಚರ್‌ಗಳು, ಹಾಡಿಯ ಆದಿವಾಸಿ ಜನ. 2017ರ ಫೆಬ್ರವರಿಯಲ್ಲಿ ಅದೇ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ, ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ಬಿಟ್ಟರು. ಬೆಂಕಿ ಯಾರೇ ಹಚ್ಚಲಿ, ಆರಿಸಲು ಹೋಗುವವರು ಇವರೇ.

ಹಾಗಾದರೆ ಕಾಡಿಗೂ ಬೆಂಕಿಗೂ ಹುಟ್ಟು ದ್ವೇಷವೇ? ಇಲ್ಲ. ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರನ್ನು ಕೇಳಿ. ಅವರಲ್ಲಿ 'ತರಗು ಬೆಂಕಿ' ಅಂತ ಒಂದು ಪದ್ಧತಿ ಇತ್ತು. ಬೇಸಿಗೆ ಬಲಿಯುವ ಮೊದಲೇ, ತರಗು ಇನ್ನೂ ತೆಳುವಾಗಿರುವಾಗ, ನೆಲಮಟ್ಟದ ಸಣ್ಣ ಬೆಂಕಿ ಬಿಡುತ್ತಿದ್ದರು. ಮೊಳಕಾಲೆತ್ತರವೂ ಏರದ ಬೆಂಕಿ. ಮರಕ್ಕೆ ಏಟಿಲ್ಲ, ಹೊಸ ಹುಲ್ಲು ಚಿಗುರುತ್ತದೆ, ಆಮೇಲೆ ಬರುವ ದೊಡ್ಡ ಬೆಂಕಿಗೆ ತಿನ್ನಲು ಏನೂ ಉಳಿದಿರುವುದಿಲ್ಲ. 1974ರಲ್ಲಿ ಅಲ್ಲಿ ಅಭಯಾರಣ್ಯ ಆಯಿತು, ಕ್ರಮೇಣ ತರಗು ಬೆಂಕಿ ನಿಂತಿತು. ಆಮೇಲೆ ಲಂಟಾನ ಅನ್ನುವ ಕಳೆ ಹಬ್ಬಿತು, ನೆಲ್ಲಿ ಮರಗಳಿಗೆ ಅವುಗಳ ಸಾರ ಹೀರುವ ಬಂದಳಿಕೆ ಹತ್ತಿತು ಅಂತ ಸೋಲಿಗ ಹಿರಿಯರು ಹೇಳುತ್ತಾರೆ. ಸಂಶೋಧಕರೂ ಇದನ್ನು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಅರಣ್ಯ ಇಲಾಖೆಯೂ ಚಳಿಗಾಲದಲ್ಲಿ ಫೈರ್ ಲೈನ್, ಅಂದರೆ ಬೆಂಕಿ ದಾಟದಂತೆ ತಡೆಯುವ ಪಟ್ಟಿ ಕಡಿದು, ಆ ಪಟ್ಟಿಯಲ್ಲಿ ತಾನೇ ಬೆಂಕಿ ಹಾಕುತ್ತದೆ.

ಸೋಲಿಗರ ಬೆಂಕಿಗೂ, ನಮ್ಮಜ್ಜಿಯ ಬೆಂಕಿಗೂ, ನಮ್ಮ ಬೆಂಕಿಗೂ ಇರುವ ವ್ಯತ್ಯಾಸ ಗಮನಿಸಿ. ಸೋಲಿಗರು ಮರುದಿನವೂ ಅಲ್ಲೇ ಇರುತ್ತಾರೆ, ಮುಂದಿನ ವರ್ಷವೂ. ಅಜ್ಜಿಯೂ ಕೆಂಡ ಮುಚ್ಚಿ ಪಕ್ಕದ ಕೋಣೆಯಲ್ಲೇ ಮಲಗಿರುತ್ತಿದ್ದಳು. ಭಾನುವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿಕೊಂಡು ಬಂದವರು ನಾವು. ನನ್ನ ವಾದ ಇಷ್ಟೇ: ಕಾವಲು ಕೂರಲಾಗದವನು ಬೆಂಕಿ ಹಚ್ಚಬಾರದು. ಅದರಿಂದ ಸಿಗುವ ನೇರ ತೀರ್ಮಾನ, ಪಶ್ಚಿಮಘಟ್ಟದ ಚಾರಣದಲ್ಲಿ ಕ್ಯಾಂಪ್‌ಫೈರ್ ಬೇಡವೇ ಬೇಡ.

ಮುಖ ಸಪ್ಪಗಾಯಿತು ಕೆಲವರದ್ದು. ಆಗಲಿ.

ಕಾನೂನು ಏನು ಹೇಳುತ್ತದೆ ಅಂತ ಬೇಗ ಹೇಳಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನಷ್ಟೇ ಅಲ್ಲ, ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ ನಿಷೇಧಿಸುತ್ತದೆ. ಅಲ್ಲಿ ಕಸ ಎಸೆಯುವುದೂ ತಪ್ಪೇ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ ಇದೆ. ಮನಸ್ಸು ಬಂದಲ್ಲಿ ಟೆಂಟ್ ಹೊಡೆಯುವ ಹಕ್ಕು ನಮಗಿಲ್ಲ. ಅಮೆರಿಕದಲ್ಲಿರುವ ನಿಮ್ಮ ಅಣ್ಣನೋ ಅಕ್ಕನೋ ಅಲ್ಲಿನ ಸರ್ಕಾರಿ ಕಾಡಿನಲ್ಲಿ ಟೆಂಟ್ ಹಾಕಿ, ಕಬ್ಬಿಣದ ಬಳೆಯೊಳಗೆ ಬೆಂಕಿ ಹಾಕಿದ ಫೋಟೊ ಕಳಿಸಿರಬಹುದು. ಅಲ್ಲಿನ ನ್ಯಾಷನಲ್ ಫಾರೆಸ್ಟ್‌ಗಳಲ್ಲಿ ಸಾಮಾನ್ಯವಾಗಿ ಎರಡು ವಾರದವರೆಗೆ ತಂಗಲು ಬಿಡುತ್ತಾರೆ. ಅಲ್ಲೂ ಕ್ಯಾಲಿಫೋರ್ನಿಯಾದಂಥ ಕಡೆ ಬೆಂಕಿಗೆ ಪರ್ಮಿಟ್ ಬೇಕು, ಒಣಗಾಲದಲ್ಲಿ ಎಷ್ಟೋ ಸಲ ಪೂರ್ತಿ ನಿಷೇಧ. ಆ ಫೋಟೊ ನೋಡಿ ಕುದುರೆಮುಖದಲ್ಲಿ ಹಾಗೆ ಮಾಡಲು ಹೋಗಬೇಡಿ.

ಇಲ್ಲಿ ನಿಯಮ ಬಿಗಿಯಾದದ್ದಕ್ಕೆ ನಾವೂ ಕಾರಣ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ಬುಡದಲ್ಲಿ ಸಂತೆಯಂತೆ ಜನ ಸೇರಿದ ವಿಡಿಯೊ ನೀವೆಲ್ಲ ನೋಡಿದ್ದೀರಿ. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಸರ್ಕಾರ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅರಣ್ಯ ವಿಹಾರ' ಜಾಲತಾಣ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಅನ್ನುವ ಮಿತಿಯೂ ಬಂತು. ನನ್ನ ಕೇಳಿದರೆ 300 ಕೂಡ ಜಾಸ್ತಿಯೇ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ದಾರಿ ಮುಚ್ಚಿದರೆ "ನನಗೆ ರೇಂಜರ್ ಗೊತ್ತು" ಅಂತ ಫೋನ್ ಮಾಡಬೇಡಿ, ದಯವಿಟ್ಟು.

ರಾತ್ರಿ ತಂಗಲೇಬೇಕು ಅನ್ನುವವರಿಗೆ ಸೀತಾನದಿ, ಕುದುರೆಮುಖದ ಭಗವತಿಯಂಥ ನೇಚರ್ ಕ್ಯಾಂಪ್‌ಗಳಿವೆ. ಘಟ್ಟದ ತಪ್ಪಲಿನ ಮನೆಗಳಲ್ಲಿ ಹೋಮ್‌ಸ್ಟೇ ಇದೆ. ಅಂಥಲ್ಲಿ ಅಂಗಳದಲ್ಲಿ ಬೆಂಕಿ ಹಾಕಲು ಮನೆಯವರು ಒಪ್ಪಿದರೆ ಹಾಕಿ, ಆದರೆ ಹೀಗೆ: ಅವರು ಈ ಮೊದಲೇ ಬೆಂಕಿ ಹಾಕುವ ಜಾಗದಲ್ಲೇ. ಮಣಿಕಟ್ಟಿಗಿಂತ ದಪ್ಪದ ಕಟ್ಟಿಗೆ ಬೇಡ, ಅದು ಬೆಳಗಿನವರೆಗೂ ಬೂದಿಯಾಗುವುದಿಲ್ಲ, ಕೊಳ್ಳಿಯಾಗಿ ಉಳಿಯುತ್ತದೆ. ಹೊಳೆಯಿಂದ ಎತ್ತಿ ತಂದ ಕಲ್ಲು ಸುತ್ತ ಇಡಬೇಡಿ, ಒಳಗಿನ ನೀರು ಆವಿಯಾಗಿ ಕಲ್ಲು ಪಟಾರನೆ ಸಿಡಿಯುತ್ತದೆ. ಕಾಡಿನಿಂದ ಒಣಮರ ಎಳೆದು ತರಬೇಡಿ. ನಮಗೆ ಸತ್ತಂತೆ ಕಾಣುವ ಮರ ಮರಕುಟಿಗನಿಗೆ ಮನೆ, ಗೆದ್ದಲಿಗೆ ಊಟ. ಮಲಗುವ ಅರ್ಧ ಗಂಟೆ ಮೊದಲು ಕಟ್ಟಿಗೆ ಹಾಕುವುದು ನಿಲ್ಲಿಸಿ. ಆಮೇಲೆ ನೀರು ಸುರಿಯಿರಿ, ಕೋಲಿನಿಂದ ಕಲಕಿ, ಮತ್ತೆ ಸುರಿಯಿರಿ. ಸುಂಯ್ ಎನ್ನುವ ಸದ್ದು ಪೂರ್ತಿ ನಿಲ್ಲಬೇಕು. ಕೊನೆಗೆ ಬರಿಗೈಯನ್ನು ಹತ್ತಿರ ತಂದು ನೋಡಿ, ಬಿಸಿ ತಗಲಬಾರದು. ಅಷ್ಟು ನೀರು ಇಲ್ಲದ ಜಾಗದಲ್ಲಿ ಬೆಂಕಿ ಹಾಕುವ ಪ್ರಶ್ನೆಯೇ ಇಲ್ಲ.

ಮಳೆಗಾಲದ ಗಿರಾಕಿಗಳದ್ದು ಇನ್ನೊಂದು ಕಥೆ. ಒದ್ದೆ ಕಟ್ಟಿಗೆ ಹತ್ತುವುದಿಲ್ಲ ಅಂತ ಬೈಕಿನ ಪೆಟ್ರೋಲ್ ಸುರಿಯುವವರನ್ನು ನೋಡಿದ್ದೇನೆ. ಹುಬ್ಬು ಸುಟ್ಟುಕೊಂಡವರನ್ನೂ ನೋಡಿದ್ದೇನೆ, ಹೆಚ್ಚಾಗಿ ಅವರೇ ಇವರು.

ಚಿಪ್ಸ್ ಪೊಟ್ಟಣವನ್ನು ಬೆಂಕಿಗೆ ಹಾಕಿದರೆ ಕಸ ಮುಗಿಯಿತು ಅಂದುಕೊಳ್ಳುತ್ತೇವೆ. ಪ್ಲಾಸ್ಟಿಕ್ ಮುದುಡುತ್ತದೆ, ಒಳಗಿನ ಅಲ್ಯೂಮಿನಿಯಂ ಪದರ ಹಾಗೇ ಉಳಿಯುತ್ತದೆ. ಉಪ್ಪಿನ ವಾಸನೆಗೆ ಜಿಂಕೆಯೋ ಕಡವೆಯೋ ಬಂದು ಬೂದಿಯ ಸಮೇತ ನೆಕ್ಕುತ್ತದೆ. ಒಡೆದ ಬಾಟಲಿಯ ಚೂರು ಆನೆಯ ಪಾದಕ್ಕೆ ಹೊಕ್ಕರೆ ಅಷ್ಟು ದೊಡ್ಡ ಪ್ರಾಣಿ ಕೀವಾಗಿ ನರಳಿ ಸಾಯಬಹುದು. ಆನೆ ಅಂದಾಗ ನೆನಪಾಯಿತು, ಬೆಂಕಿ ಇದ್ದರೆ ಆನೆ ಬರುವುದಿಲ್ಲ ಅನ್ನುವ ಧೈರ್ಯದಲ್ಲಿ ಆನೆದಾರಿಯಲ್ಲಿ ಟೆಂಟ್ ಹಾಕಬೇಡಿ. ಆ ಮಾತನ್ನು ಆನೆಗೆ ಯಾರೂ ಹೇಳಿಲ್ಲ.

ಶೌಚದ ಬಗ್ಗೆ ನಾಚಿಕೆ ಬಿಟ್ಟು ಹೇಳಬೇಕು. ನೀರಿನಿಂದ ಎಂಬತ್ತು ಹೆಜ್ಜೆ ದೂರ, ಮುಕ್ಕಾಲು ಗೇಣು ಆಳದ ಗುಂಡಿ, ಮೇಲೆ ಮಣ್ಣು. ವೆಟ್ ವೈಪ್ಸ್ ಗುಂಡಿಗೆ ಬೇಡ, ಚೀಲಕ್ಕೆ. ಹಳ್ಳದಲ್ಲಿ ಸೋಪು ಹಚ್ಚಬೇಡಿ, ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವಿ, ಘಟ್ಟದ ಹಳ್ಳಗಳಲ್ಲಿ ಜಗತ್ತಿನ ಬೇರೆಲ್ಲೂ ಇಲ್ಲದ ಕಪ್ಪೆಗಳಿವೆ. ಬ್ಲೂಟೂತ್ ಸ್ಪೀಕರ್ ಬಗ್ಗೆ ಮಾತಾಡಿದರೆ ನನಗೆ ಬಿ.ಪಿ. ಏರುತ್ತದೆ, ಬಿಡಿ.

"ಬೆಂಕಿ ಇಲ್ಲದೆ ಊಟ ಹೇಗೆ ಸಾರ್?" ಅಂತ ಹೋದ ಸಲ ಒಬ್ಬ ಹುಡುಗ ಕೇಳಿದ. ಗೊಜ್ಜವಲಕ್ಕಿ, ಚಪಾತಿಗೆ ಚಟ್ನಿಪುಡಿ, ಹುರಿಗಡಲೆ, ಬೆಲ್ಲ, ಬಾಳೆಹಣ್ಣು. ನಮ್ಮ ಹಿರಿಯರು ಕಾಶಿಗೆ ಬುತ್ತಿ ಕಟ್ಟಿಕೊಂಡು ಹೋದವರು, ನಮಗೆ ಒಂದು ರಾತ್ರಿಗೆ ನೂಡಲ್ಸ್ ಬೇಯಿಸಲೇಬೇಕಂತೆ. ಇನ್ನು ಬೆಂಕಿ ಇಲ್ಲದೆ ಕೂತು ಮಾಡುವುದೇನು? ಟಾರ್ಚ್ ಆರಿಸಿ ಇಪ್ಪತ್ತು ನಿಮಿಷ ಕೂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ಮುಂಗಾರಿನ ಮೊದಲ ಮಳೆಯ ಆಸುಪಾಸಿನಲ್ಲಾದರೆ ಒಂದು ಮರದ ಮಿಣುಕುಹುಳುಗಳೆಲ್ಲ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವುದು ಕಾಣಬಹುದು. ಬೆಂಕಿಯ ಮುಂದೆ ಕೂತವರಿಗೆ ಹತ್ತಡಿ ಆಚೆ ಬರೀ ಕಪ್ಪು.

ಸರಿ, ಪ್ರಶ್ನೆಗಳನ್ನು ಅಂಗಳದಲ್ಲೇ ಕೇಳಿ. ಆ ಇಬ್ಬರು ಹುಡುಗರು ಎಲ್ಲಿ? ಬನ್ನಿ, ಕೋಲು ತಗೊಳ್ಳಿ, ಮೆಲ್ಲಗೆ ಮಣ್ಣು ಸರಿಸಿ. ಪಕ್ಕದಲ್ಲೇ ಒಂದು ಹಿಡಿ ತೆಂಗಿನ ನಾರು ಇಟ್ಟಿದ್ದೇನೆ. ಊದುಕೊಳವೆ ನಮ್ಮಜ್ಜಿಯದೇ.