ನೀರನ್ನು ನಲ್ಲಿಯಲ್ಲಿ ಅಳೆಯಿರಿ

ಎಲ್ಲರಿಗೂ ನಮಸ್ಕಾರ. ನನಗೆ ಕೊಟ್ಟಿದ್ದು 20 ನಿಮಿಷ, ಅದರಲ್ಲಿ ಸ್ವಾಗತ ಭಾಷಣವೇ ಅರ್ಧ ತಿಂದಿತು. ಇರಲಿ. ಮೂರನೇ ಕ್ರಾಸಿನ ಮಕ್ಕಳಿಗೆ ವಾಂತಿಭೇದಿ ಆಗದಿದ್ದರೆ ಇವತ್ತು ಇಷ್ಟು ಕುರ್ಚಿ ತುಂಬುತ್ತಿರಲಿಲ್ಲ, ಅಲ್ವಾ?

ಎಲ್ಲರದ್ದೂ ಒಂದೇ ಪ್ರಶ್ನೆ: ಕಾವೇರಿ ನೀರು ಹೇಗೆ ಸರ್ ಕೆಡುತ್ತೆ? ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಕ್ಲೋರಿನ್ ಹಾಕಿ, ಸುಮಾರು 100 ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಪಂಪ್ ಮಾಡುವ ನೀರು ಅದು. ಹೊರಡುವಾಗ ಚೆನ್ನಾಗಿಯೇ ಇರುತ್ತದೆ. ಆದರೆ ನೀವು ಕುಡಿಯುವುದು ಅಲ್ಲಿ ಅಲ್ಲವಲ್ಲ! ಅಳೆಯಬೇಕಾದದ್ದು ನಿಮ್ಮ ನಲ್ಲಿಯಲ್ಲಿ.

ನಮ್ಮಲ್ಲಿ ನೀರು ದಿನ ಬಿಟ್ಟು ದಿನ. ವಾಲ್ವ್ ಮುಚ್ಚಿದ ಮೇಲೆ ಪೈಪಿನಲ್ಲಿ ಒತ್ತಡ ಇಳಿಯುತ್ತದೆ. ಪಕ್ಕದಲ್ಲೇ ಒಳಚರಂಡಿ ಪೈಪು, ಎರಡೂ ಹಳೆಯವು. ಸಾಲದ್ದಕ್ಕೆ ಯಾರಾದರೂ ಲೈನಿಗೇ ನೇರವಾಗಿ ಮೋಟಾರ್ ಹಾಕಿದರೆ, ಎಳನೀರಿಗೆ ಹಾಕಿದ ಸ್ಟ್ರಾ ಥರ ಪೈಪು ಬಿರುಕಿನಿಂದ ಹೊರಗಿನ ಕೊಳಕನ್ನೂ ಎಳೆದುಕೊಳ್ಳುತ್ತದೆ. ಮೋಟಾರ್ ಹಾಕಿಸಿದವರು ಈ ಹಾಲ್‌ನಲ್ಲೂ ಇದ್ದೀರಿ, ಹೆಸರು ಹೇಳುವುದಿಲ್ಲ.

ಕ್ಲೋರಿನ್ ವಾಸನೆ ಬಂದರೆ ದೂರು ಕೊಡುತ್ತೀರಿ. ಸ್ವಾಮಿ, ಬರದಿದ್ದಾಗ ಕೊಡಿ! ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ದಾರಿಯಲ್ಲಿ ಚರಂಡಿ ನೀರು ಸೇರಿದರೆ ಕ್ಲೋರಿನ್ ಅಲ್ಲೇ ಖರ್ಚಾಗಿ ಹೋಗುತ್ತದೆ. ಸೊನ್ನೆ ಬಂದರೆ ಎಲ್ಲೋ ಎಡವಟ್ಟಾಗಿದೆ ಅಂತಲೇ ಹುಡುಕಬೇಕು.

ನಾನು ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದಾಗ ಒಂದು ದರ್ಶಿನಿಗೆ ಸ್ಯಾಂಪಲ್ ತೆಗೆಯಲು ಹೋಗಿದ್ದೆ. ಮಾಲೀಕರು ಕಾಫಿ ಕುಡಿಯಿರಿ ಅಂದರು. ಡ್ಯೂಟಿಯಲ್ಲಿ ಬೇಡ ಅಂದೆ, ಘಮ ಮಾತ್ರ ಜೋರಾಗಿತ್ತು, ಸುಳ್ಳು ಯಾಕೆ ಹೇಳಲಿ. ಬಾಟಲಿ ಮೇಜಿನ ಮೇಲಿಟ್ಟು ಅಡುಗೆಮನೆ ನೋಡಿ ಬರುವಷ್ಟರಲ್ಲಿ ಅದು ತುಂಬಿ ನಿಂತಿದೆ! ಹುಡುಗ ನಗುತ್ತಾ, "ಸಾರ್, ತಳದಲ್ಲಿ ಬಿಳಿ ಕಲೆ ಇತ್ತು, ಚೆನ್ನಾಗಿ ತೊಳೆದು ಕ್ಯಾನ್ ನೀರು ಹಾಕಿದೀನಿ" ಅಂದ. ಆ ಬಿಳಿ ಕಲೆ ಲ್ಯಾಬ್‌ನವರು ಹಾಕಿದ್ದ ಸೋಡಿಯಂ ಥಯೋಸಲ್ಫೇಟ್, ನೀರಿನಲ್ಲಿರುವ ಕ್ಲೋರಿನ್ನಿನ ಕೆಲಸ ನಿಲ್ಲಿಸುವ ರಾಸಾಯನಿಕ. ಅದಿಲ್ಲದಿದ್ದರೆ ಕ್ಲೋರಿನ್ ಬಾಟಲಿಯಲ್ಲೂ ಕ್ರಿಮಿಗಳನ್ನು ಕೊಲ್ಲುತ್ತಾ ಇರುತ್ತದೆ, ರಿಪೋರ್ಟ್ ಸುಮ್ನೆ ಚೆನ್ನಾಗಿ ಬರುತ್ತದೆ. ಪಾಪ, ಹುಡುಗನದು ಒಳ್ಳೆಯ ಮನಸ್ಸೇ. ಚೀಲದಲ್ಲಿ ಇನ್ನೊಂದು ಬಾಟಲಿ ಇತ್ತು, ಕೈ ತೊಳೆಯುವ ನಲ್ಲಿಗೇ ಹಿಡಿದೆ. ಮಾಲೀಕರ ಮುಖ ನೋಡಬೇಕಿತ್ತು! ಆ ನಲ್ಲಿಗೆ ಬರುತ್ತಿದ್ದದ್ದು ಸಂಪಿನ ನೀರು, ಸಂಪಿನ ಮುಚ್ಚಳ ನೆಲಮಟ್ಟಕ್ಕೇ ಇತ್ತು, ಪಕ್ಕದಲ್ಲೇ ಒಳಚರಂಡಿ ಚೇಂಬರ್. ರಿಪೋರ್ಟಿನಲ್ಲಿ ಇ. ಕೋಲಿ ಬಂತು, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ. 100 ಮಿಲಿಲೀಟರಿನಲ್ಲಿ ಒಂದೂ ಇರಬಾರದು. ಗೋಡೆಗೆ ನೇತುಹಾಕಿದ್ದ ಹಳೆ ರಿಪೋರ್ಟ್ ಮಾತ್ರ ಫಸ್ಟ್ ಕ್ಲಾಸ್, ಯಾವ ನಲ್ಲಿಯದೋ ದೇವರಿಗೇ ಗೊತ್ತು. ಅದಕ್ಕೇ ಹೇಳುವುದು, ಕುಡಿಯುವ ಜಾಗದಲ್ಲೇ ಅಳೆಯಿರಿ.

ಚೀಟಿ ಬಂತು, ಮುಗಿಸಬೇಕಂತೆ. ಟ್ಯಾಂಕರ್, ಬೋರ್‌ವೆಲ್ ಬಗ್ಗೆ ಜಾಸ್ತಿ ಹೇಳಬೇಕಿತ್ತು. ಒಂದೇ ಮಾತು: ಬೋರ್‌ವೆಲ್‌ನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಕುದಿಸಿ ಪ್ರಯೋಜನವಿಲ್ಲ, ನೀರು ಆವಿಯಾಗಿ ಹೋಗಿ ನೈಟ್ರೇಟ್ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಸಂಪ್ ತೊಳೆಸಿ, ಮುಚ್ಚಳ ಎತ್ತರಿಸಿ. ಉಳಿದದ್ದು ಇನ್ನೊಂದು ದಿನ.

ಕ್ಲೋರಿನ್ ಅಳೆಯುವ ಕಿಟ್ ತಂದಿದ್ದೇನೆ. ಮೂರನೇ ಕ್ರಾಸಿಗೆ ನಾಲ್ಕೂವರೆಗೆ ನೀರು ಬಿಡುತ್ತಾರಂತೆ. ಬರುವವರು ಈಗಲೇ ಹೊರಡಿ, ವಾಲ್ವ್ ತೆರೆದ ಕೂಡಲೇ ಬರುವ ನೀರನ್ನೇ ಹಿಡಿಯಬೇಕು.