ಕೋಟು, ಪಿಸ್ತೂಲು, ಕರ್ಣಪರ್ವ

ಕೇಳುಗರಿಗೆ ನಮಸ್ಕಾರ. ಇವತ್ತು ಹಾಂಕಾಂಗಿನ ಸಿನಿಮಾ ನಿರ್ದೇಶಕ ಜಾನ್ ವೂ ಬಗ್ಗೆ ಮಾತು.

ನಾನು ಕಾಲೇಜಿಗೆ ಹೋಗುತ್ತಿದ್ದಾಗ ಮಂಗಳೂರಿನ ಹಂಪನಕಟ್ಟೆಯ ಹತ್ತಿರ ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಸಿಗುತ್ತಿತ್ತು. ಅಲ್ಲಿಂದ ಒಮ್ಮೆ ಒಂದು ಹಾಂಕಾಂಗ್ ಸಿನಿಮಾ ತಂದೆವು. ಪರದೆ ತುಂಬ ಗೆರೆ. ಮಾತಂತೂ ಒಂದಕ್ಷರ ತಿಳಿಯಲಿಲ್ಲ. ಆದರೂ ಕಥೆ ಹಿಡಿಯಿತು. ಅದನ್ನು ನಾನು ಗದ್ದೆಯಲ್ಲಿ ಕೂತು, ನಿದ್ದೆಗೆಟ್ಟು, ಯಕ್ಷಗಾನದ ಆಟದಲ್ಲಿ ನೋಡಿದ್ದೆನಲ್ಲ!

ಅಣ್ಣ ಖೋಟಾನೋಟಿನ ಗುಂಪಿನಲ್ಲಿ. ತಮ್ಮ ಪೊಲೀಸ್. ಅಣ್ಣನಿಗಾಗಿ ಜೀವ ಕೊಡುವ ಗೆಳೆಯನೊಬ್ಬ. ನಮ್ಮ ಕರ್ಣಪರ್ವವೇ ಅಲ್ವಾ? ಒಂದು ವ್ಯತ್ಯಾಸ ಇದೆ. ಎದುರಿಗಿರುವವನು ಸ್ವಂತ ತಮ್ಮ ಎಂದು ಕರ್ಣನಿಗೆ ಗೊತ್ತು, ಅರ್ಜುನನಿಗೆ ಗೊತ್ತಿಲ್ಲ. ಇಲ್ಲಿ ಇಬ್ಬರಿಗೂ ಗೊತ್ತು. ಅದೇ ಕಷ್ಟ.

ಅದು 1986ರ 'ಎ ಬೆಟರ್ ಟುಮಾರೊ'. ನಿರ್ದೇಶಕ ಜಾನ್ ವೂ. ಹಾಂಕಾಂಗಿನ ಕೊಳೆಗೇರಿಯಲ್ಲಿ ಬೆಳೆದವರು. 1953ರ ದೊಡ್ಡ ಬೆಂಕಿಯಲ್ಲಿ ಇದ್ದ ಮನೆಯೂ ಹೋಯಿತು. ತಾಯಿಗೆ ಸಿನಿಮಾ ಅಂದರೆ ಇಷ್ಟ, ಮಗನನ್ನೂ ಕರೆದುಕೊಂಡು ಹೋಗುತ್ತಿದ್ದರು. ಹಾಡು-ಕುಣಿತದ ಅಮೆರಿಕನ್ ಸಿನಿಮಾಗಳು ಹುಡುಗನ ತಲೆಗೆ ಹತ್ತಿದವು. ಮುಂದೆ ಅವರ ಸಿನಿಮಾಗಳಲ್ಲಿ ಪಿಸ್ತೂಲು ಹಿಡಿದವರೆಲ್ಲ ಕುಣಿದದ್ದು ಅದಕ್ಕೇ ಇರಬೇಕು.

ಹೌದು, ಕುಣಿತವೇ. ಹೋಟೆಲಿನ ಆ ದೃಶ್ಯ ನೋಡಿ. ಆ ಗೆಳೆಯನ ಪಾತ್ರ ಮಾಡಿದ ಚೌ ಯುನ್-ಫ್ಯಾಟ್ ಒಬ್ಬಳ ಸೊಂಟ ಬಳಸಿಕೊಂಡು ನಗುನಗುತ್ತಾ ಓಣಿಯಲ್ಲಿ ಬರುತ್ತಾನೆ. ಹೂಕುಂಡಗಳಲ್ಲಿ ಪಿಸ್ತೂಲು ಬಚ್ಚಿಡುತ್ತಾನೆ. ಬಾಗಿಲು ತೆರೆದ ಮೇಲೆ ಎರಡು ಕೈಯಲ್ಲೂ ಗುಂಡು. ಖಾಲಿಯಾದದ್ದನ್ನು ಎಸೆದು, ವಾಪಸು ಬರುತ್ತಾ ಕುಂಡದಿಂದ ಇನ್ನೊಂದು ಎತ್ತಿಕೊಳ್ಳುತ್ತಾನೆ. ಯಕ್ಷಗಾನದಲ್ಲಿ ದಿಗಿಣ, ಅಂದರೆ ಸುತ್ತು ಹೊಡೆದು ಹಾರುವ ವೇಷಧಾರಿ ಗಾಳಿಯಲ್ಲೇ ಒಂದು ಗಳಿಗೆ ನಿಂತ ಹಾಗೆ ಕಾಣುತ್ತಾನಲ್ಲ, ಆ ಗಳಿಗೆಯನ್ನೇ ವೂ ಸ್ಲೋಮೋಷನ್ನಿನಲ್ಲಿ ಹಿಗ್ಗಿಸುತ್ತಾರೆ. ಆದರೆ ಗಮ್ಮತ್ತು ಅಲ್ಲಿಗೇ ಮುಗಿಯುವುದಿಲ್ಲ. ಅದೇ ಓಣಿಯಲ್ಲಿ ಅವನ ಕಾಲಿಗೆ ಗುಂಡು ಬೀಳುತ್ತದೆ. ಅಷ್ಟು ಠೀವಿಯ ಮನುಷ್ಯ ಆಮೇಲೆ ಕುಂಟುತ್ತಾ ಇನ್ನೊಬ್ಬರ ಕಾರು ಒರೆಸುತ್ತಾನೆ. ವೂ ಅಂದರೆ ಬರೀ ಸ್ಟೈಲ್ ಎನ್ನುವವರು ಇಲ್ಲಿ ಸ್ವಲ್ಪ ತಡೆಯಬೇಕು.

1992ರ 'ಹಾರ್ಡ್ ಬಾಯಿಲ್ಡ್'ನಲ್ಲಿ ಆಸ್ಪತ್ರೆಯೊಳಗಿನ ಕಾಳಗ ಎರಡೂವರೆ ನಿಮಿಷಕ್ಕೂ ಜಾಸ್ತಿ ಹೊತ್ತು ಒಂದೇ ಶಾಟ್. ನಾಯಕರಿಬ್ಬರು ಲಿಫ್ಟಿನೊಳಗೆ ಇರುವಷ್ಟರಲ್ಲಿ ಹೊರಗೆ ಕೆಲಸಗಾರರು ಅದೇ ಸೆಟ್ಟನ್ನು ಬೇರೆ ಮಹಡಿಯ ಹಾಗೆ ಬದಲಾಯಿಸಿದರಂತೆ. ಚೌಕಿಯಲ್ಲಿ, ಅಂದರೆ ಆಟದ ವೇಷ ಕಟ್ಟುವ ಕೋಣೆಯಲ್ಲಿ, ಕೆಲಸ ಮಾಡಿದವರಿಗೆ ಆ ಗಡಿಬಿಡಿ ಗೊತ್ತು.

ಆಮೇಲೆ ಹಾಲಿವುಡ್. 1997ರ 'ಫೇಸ್/ಆಫ್' ಬಿಟ್ಟರೆ ಅಲ್ಲಿಯದು ನನಗೆ ಅಷ್ಟಕ್ಕಷ್ಟೆ. ಗುಂಡಿನ ನಡುವೆ ಹಾರುವ ಪಾರಿವಾಳ ಜಾಸ್ತಿ, ಗೆಳೆತನ ಕಮ್ಮಿ.

ಹಾಂಕಾಂಗಿನಲ್ಲೂ ನಮ್ಮಂತೆಯೇ ಸೆಕೆ. ಆದರೂ 'ಎ ಬೆಟರ್ ಟುಮಾರೊ' ಬಂದ ಮೇಲೆ ಅಲ್ಲಿಯ ಹುಡುಗರು ಚೌ ಹಾಗೆ ಉದ್ದ ಕೋಟು ಹಾಕಿಕೊಂಡು ತಿರುಗಿದರಂತೆ. ನನ್ನ ದೊಡ್ಡಪ್ಪನ ಮಗನೂ ಮೇ ತಿಂಗಳಲ್ಲಿ ಅವನಪ್ಪನ ರೇನ್‌ಕೋಟು ಹಾಕಿ ಹೊರಟ. ಜ್ಯೋತಿ ಸರ್ಕಲ್‌ನಿಂದ ಹಂಪನಕಟ್ಟೆ ಮುಟ್ಟುವಷ್ಟರಲ್ಲಿ ಕೋಟು ಕೈಗೆ ಬಂದಿತ್ತು ಮಾರಾಯ್ರೆ. ಕಪ್ಪು ಕನ್ನಡಕ ಮಾತ್ರ ತೆಗೆಯಲಿಲ್ಲ.