ಒಂದು ಗಂಟೆ ಸುಮ್ಮನಾದರೆ ಏನಾಗುತ್ತದೆ?

ಕೇಳುಗರೇ, ನಮಸ್ಕಾರ.

ಈ ಹತ್ತು ನಿಮಿಷ ನಾನು ಮಾತಾಡುವುದು ಮುಖ್ಯವಾಗಿ ಒಬ್ಬರ ಜೊತೆ. ನೀವು ವಿದ್ಯುತ್ತೋ ನೀರೋ ಸರಬರಾಜು ಮಾಡುವ ಸಂಸ್ಥೆಯಲ್ಲಿ ಅಧಿಕಾರಿ. ನಿಮ್ಮ ಮೇಜಿನ ಮೇಲೆ ಒಂದು ಫೈಲು ಬಂದು ಕೂತಿದೆ. ಅದರ ಮೇಲೆ ಬರೆದಿರುವುದು ಇಷ್ಟು: ‘ನಮ್ಮ ಸಾಫ್ಟ್‌ವೇರನ್ನೆಲ್ಲ ಕ್ಲೌಡ್‌ಗೆ ಸಾಗಿಸುವ ಬಗ್ಗೆ.’ ನಾಳೆ ಸಭೆ. ಒಪ್ಪಬೇಕೋ ಬೇಡವೋ ಹೇಳಬೇಕು.

ದಯವಿಟ್ಟು ಎರಡನ್ನೂ ಹೇಳಬೇಡಿ. ಆ ಸಾಲಿನಲ್ಲಿ ತೊಂದರೆ ಕೊಡುವ ಪದ ‘ಕ್ಲೌಡ್’ ಅಲ್ಲ, ‘ಎಲ್ಲ’. ಆ ಪದವನ್ನು ಹೊಡೆದುಹಾಕಿ. ನಿಮ್ಮಲ್ಲಿ ಮೂವತ್ತು ಸಾಫ್ಟ್‌ವೇರ್ ಇದ್ದರೆ ಮೂವತ್ತು ಸಾಲು ಬರೆಯಿರಿ. ಪ್ರತಿ ಸಾಲಿನ ಮುಂದೆ ಒಂದೇ ಪ್ರಶ್ನೆ ಹಾಕಿ: ಇದು ಒಂದು ಗಂಟೆ ಸುಮ್ಮನಾದರೆ ಏನಾಗುತ್ತದೆ?

ಕ್ಲೌಡ್ ಎಂದರೇನು ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಬೇರೆಯವರ ಕಟ್ಟಡದಲ್ಲಿರುವ ಕಂಪ್ಯೂಟರನ್ನು ಬೇಕಾದಾಗ, ಬೇಕಾದಷ್ಟು ಹೊತ್ತು ಬಾಡಿಗೆಗೆ ಪಡೆಯುವುದು. ಎಷ್ಟು ಬಳಸಿದಿರೋ ಅಷ್ಟಕ್ಕೆ ಬಿಲ್ಲು. ನಲ್ಲಿ ತಿರುಗಿಸಿದರೆ ನೀರು, ಸ್ವಿಚ್ ಒತ್ತಿದರೆ ದೀಪ, ಹಾಗೆಯೇ ಇದು. ಕಂಪ್ಯೂಟರ್ ಶಕ್ತಿಯೂ ಮುಂದೊಂದು ದಿನ ಸಾರ್ವಜನಿಕ ಸೇವೆಯಂತೆ ಮನೆಮನೆಗೆ ಬರಬಹುದು ಎಂದು ವಿಜ್ಞಾನಿ ಜಾನ್ ಮೆಕಾರ್ತಿ 1961ರಲ್ಲೇ ಹೇಳಿದ್ದರು. 2006ರಲ್ಲಿ ಅಮೆಜಾನ್ ತನ್ನ ಸಂಗ್ರಹ ಜಾಗವನ್ನೂ ಕಂಪ್ಯೂಟರ್‌ಗಳನ್ನೂ ಬಾಡಿಗೆಗೆ ಕೊಡತೊಡಗಿತು. ಹಾಗಾಗಿ ವಿದ್ಯುತ್ ಕಂಪನಿಯವರಿಗೆ ಈ ವ್ಯಾಪಾರ ಹೊಸದಾಗಿ ಕಾಣಬಾರದು. ನೂರಾರು ಗಿರಾಕಿಗಳಿಗೆ ಒಂದೇ ಯಂತ್ರ ದುಡಿದರೆ ಎಲ್ಲರಿಗೂ ಅಗ್ಗವಾಗುತ್ತದೆ ಎಂಬ ಲೆಕ್ಕ ಅವರು ದಿನವೂ ಮಾಡುವ ಲೆಕ್ಕವೇ.

ಈಗ ನಮ್ಮ ಪ್ರಶ್ನೆಗೆ ಬರೋಣ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದು ಗಂಟೆ ಸುಮ್ಮನಾದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಬಿಲ್ಲು ಸಂಜೆ ಹೊರಡುವ ಬದಲು ರಾತ್ರಿ ಹೊರಡುತ್ತದೆ. ಸಾಗಿಸಿ.

ಮೀಟರ್ ಲೆಕ್ಕ? ಹಿಂದೆ ಒಂದು ಮೀಟರಿನಿಂದ ತಿಂಗಳಿಗೆ ಒಂದು ಅಂಕಿ ಬರುತ್ತಿತ್ತು, ವರ್ಷಕ್ಕೆ 12. ಹದಿನೈದು ನಿಮಿಷಕ್ಕೊಮ್ಮೆ ಅಳೆಯುವ ಸ್ಮಾರ್ಟ್ ಮೀಟರ್ ದಿನಕ್ಕೆ 96 ಅಂಕಿ ಕೊಡುತ್ತದೆ, ವರ್ಷಕ್ಕೆ 35,040. ಹತ್ತು ಲಕ್ಷ ಮೀಟರ್ ಇದ್ದರೆ ದಿನಕ್ಕೆ 9 ಕೋಟಿ 60 ಲಕ್ಷ ಅಂಕಿ. ಇದನ್ನು ತುಂಬಿಡಲು ಸ್ವಂತ ಉಗ್ರಾಣ ಕಟ್ಟುತ್ತಾ ಕೂತರೆ ಬೇರೆ ಕೆಲಸ ಆಗುವುದಿಲ್ಲ. ಒಂದು ಗಂಟೆ ಸಂಪರ್ಕ ಹೋದರೆ ಮೀಟರ್ ತನ್ನೊಳಗೇ ಅಂಕಿ ಇಟ್ಟುಕೊಂಡು ಆಮೇಲೆ ಕಳಿಸುತ್ತದೆ. ಇದನ್ನೂ ಸಾಗಿಸಿ.

ದೂರು ಸ್ವೀಕರಿಸುವ ವ್ಯವಸ್ಥೆ ಇನ್ನೂ ಸ್ವಾರಸ್ಯದ್ದು. ವರ್ಷದ ಬಹುಪಾಲು ದಿನ ಅದಕ್ಕೆ ಹೆಚ್ಚು ಕೆಲಸವಿಲ್ಲ. ಬಿರುಗಾಳಿ ಬೀಸಿದ ರಾತ್ರಿ ಎಲ್ಲರೂ ಒಟ್ಟಿಗೆ ಫೋನು ಹಿಡಿಯುತ್ತಾರೆ. ಆ ಒಂದು ರಾತ್ರಿಗಾಗಿ ವರ್ಷವಿಡೀ ದೊಡ್ಡ ಸರ್ವರ್ ಸಾಕುವುದು ಯಾವ ನ್ಯಾಯ? ಬೇಕಾದಾಗ ಹಿಗ್ಗಿ ಬೇಡವಾದಾಗ ಕುಗ್ಗುವುದೇ ಕ್ಲೌಡ್‌ನ ಗುಣ.

ಇನ್ನು ಉಪಕೇಂದ್ರದ ರಕ್ಷಣಾ ರಿಲೇ. ತಂತಿ ನೆಲಕ್ಕೆ ಬಿದ್ದರೆ ಬ್ರೇಕರ್ ಬಿಡಿಸಿ ವಿದ್ಯುತ್ ನಿಲ್ಲಿಸುವುದು ಇದರ ಕೆಲಸ. 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತನದ ವಿದ್ಯುತ್ತಿನಲ್ಲಿ, ಒಂದು ಆವರ್ತನಕ್ಕೆ 20 ಮಿಲಿಸೆಕೆಂಡು. ಕೆಲವೇ ಆವರ್ತನಗಳೊಳಗೆ ರಿಲೇ ತೀರ್ಮಾನ ಮಾಡಬೇಕು. ಸಾವಿರ ಕಿಲೋಮೀಟರ್ ಆಚೆಯ ಕಂಪ್ಯೂಟರಿಗೆ ಗಾಜಿನೆಳೆಯಲ್ಲಿ ಬೆಳಕು ಹೋಗಿ ಬರಲಿಕ್ಕೇ 10 ಮಿಲಿಸೆಕೆಂಡು ಬೇಕು, ಅರ್ಧ ಆವರ್ತನ ಅಲ್ಲೇ ಮುಗಿಯಿತು. ಇದಕ್ಕೆ ಒಂದು ಗಂಟೆಯ ಪ್ರಶ್ನೆ ಕೇಳುವುದೇ ಬೇಡ. ಒಂದು ಸೆಕೆಂಡು ಸುಮ್ಮನಾದರೂ ಟ್ರಾನ್ಸ್‌ಫಾರ್ಮರ್ ಸುಟ್ಟು ಹೋದೀತು. ಇದು ಇರುವ ಜಾಗದಲ್ಲೇ ಇರಲಿ.

ಇಡೀ ಜಾಲದ ಮೇಲೆ ಕಣ್ಣಿಡುವ ನಿಯಂತ್ರಣ ಕೊಠಡಿಯ ಸಾಫ್ಟ್‌ವೇರಿನ ಮಾತು ಬಂದಾಗ ಹಿರಿಯ ಎಂಜಿನಿಯರೊಬ್ಬರು ಎದ್ದು ನಿಲ್ಲುತ್ತಾರೆ. ಪ್ರತಿ ಸಭೆಯಲ್ಲೂ ನಿಲ್ಲುತ್ತಾರೆ. ‘ಕಂಪ್ಯೂಟರ್ ನಮ್ಮ ಕಟ್ಟಡದಲ್ಲೇ ಇರಲಿ, ನಮ್ಮ ಕಣ್ಣೆದುರು ಇದ್ದರೆ ಸುರಕ್ಷಿತ’ ಎನ್ನುತ್ತಾರೆ. ಅವರ ಬಗ್ಗೆ ನನಗೆ ಗೌರವವಿದೆ. ಅವರ ತೀರ್ಮಾನವೂ ಸರಿ. ಆದರೆ ಅದಕ್ಕೆ ಅವರು ಕೊಡುವ ಕಾರಣ ತಪ್ಪು. ಅದು ಯಾಕೆ ತಪ್ಪು ಎಂದು ಹೇಳಲು ನಾನು 2003ರ ಆಗಸ್ಟ್ 14ಕ್ಕೆ ಹೋಗಲೇಬೇಕು.

ಅಮೆರಿಕದ ಓಹಾಯೋ ರಾಜ್ಯದ ಫಸ್ಟ್‌ಎನರ್ಜಿ ಕಂಪನಿ. ಕಂಪ್ಯೂಟರ್ ಅವರದೇ, ಕಟ್ಟಡವೂ ಅವರದೇ. ಮಧ್ಯಾಹ್ನ 2 ಗಂಟೆ 14 ನಿಮಿಷಕ್ಕೆ ಅವರ ನಿಯಂತ್ರಣ ಕೊಠಡಿಯ ಎಚ್ಚರಿಕೆ ಕೊಡುವ ಸಾಫ್ಟ್‌ವೇರ್ ನಿಂತುಹೋಯಿತು. ಒಂದೇ ದತ್ತಾಂಶಕ್ಕೆ ಎರಡು ಪ್ರಕ್ರಿಯೆಗಳು ಒಟ್ಟಿಗೆ ಕೈಹಾಕಿ ಅದು ಸಿಕ್ಕಿಬಿದ್ದಿತ್ತು. ಕೆಟ್ಟೆ ಎಂದು ಅದು ಯಾರಿಗೂ ಹೇಳಲಿಲ್ಲ. ಗಂಟೆ ಬಾರಿಸಲಿಲ್ಲ, ದೀಪ ಹತ್ತಿಸಲಿಲ್ಲ. ಪರದೆಯ ಮುಂದೆ ಕೂತವರು ಎಚ್ಚರಿಕೆ ಬಂದಿಲ್ಲವಾದ್ದರಿಂದ ಎಲ್ಲ ಕ್ಷೇಮ ಎಂದುಕೊಂಡರು. 2 ಗಂಟೆ 41ಕ್ಕೆ ಮುಖ್ಯ ಸರ್ವರ್ ಬಿತ್ತು. ಬದಲಿ ಸರ್ವರ್ ಅದೇ ಕಾಯಿಲೆಯನ್ನು ಎತ್ತಿಕೊಂಡು ಎದ್ದು, 2 ಗಂಟೆ 54ಕ್ಕೆ ಅದೂ ಬಿತ್ತು. ಕಂಪ್ಯೂಟರ್ ವಿಭಾಗದವರಿಗೆ ಸರ್ವರ್ ಬಿದ್ದ ಸಂದೇಶ ತಲುಪಿತು, ಅವರು ಅದನ್ನು ಮತ್ತೆ ಚಾಲೂ ಮಾಡಿದರು. ನಿಯಂತ್ರಣ ಕೊಠಡಿಗೆ ಮಾತ್ರ ಹೇಳಲಿಲ್ಲ.

ಅತ್ತ 3 ಗಂಟೆ 5ಕ್ಕೆ 345 ಕಿಲೋವೋಲ್ಟಿನ ಒಂದು ಮಾರ್ಗ ಮರಕ್ಕೆ ತಾಗಿ ಕಡಿಯಿತು. ಕೊಠಡಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. 3 ಗಂಟೆ 32ಕ್ಕೆ ಇನ್ನೊಂದು, 41ಕ್ಕೆ ಮತ್ತೊಂದು. ಪಕ್ಕದ ಸಂಸ್ಥೆಗಳಿಂದ ಫೋನು ಬರುತ್ತಿತ್ತು, ನಿಮ್ಮ ಮಾರ್ಗ ಏನಾಗಿದೆ ಎಂದು ಕೇಳುತ್ತಿದ್ದರು. ಇವರ ಪರದೆಯಲ್ಲಿ ಎಲ್ಲ ಸರಿಯಿತ್ತು. ಫೋನು ಮಾಡಿದವರನ್ನು ನಂಬುವುದೋ, ಪರದೆಯನ್ನು ನಂಬುವುದೋ? ಪರದೆಯನ್ನು ನಂಬಿದರು. 4 ಗಂಟೆ 6ರ ಸುಮಾರಿಗೆ ಇನ್ನೊಂದು ದೊಡ್ಡ ಮಾರ್ಗ ಕಡಿದಾಗ ಹೊರೆಯೆಲ್ಲ ಉಳಿದ ಮಾರ್ಗಗಳ ಮೇಲೆ ಬಿದ್ದು ಒಂದೊಂದಾಗಿ ಕುಸಿದವು. ಎಂಟು ರಾಜ್ಯಗಳಲ್ಲಿ, ಕೆನಡಾದ ಒಂಟಾರಿಯೋದಲ್ಲಿ, ಸುಮಾರು 5 ಕೋಟಿ ಜನಕ್ಕೆ ಕತ್ತಲು.

ಈ ಕಥೆಯನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ, ಇನ್ನೂ ಹೇಳುತ್ತೇನೆ. ಸ್ವಂತ ಕಟ್ಟಡ ಅವರನ್ನು ಕಾಯಲಿಲ್ಲ. ಕಂಪ್ಯೂಟರ್ ಎಲ್ಲಿದೆ ಎಂಬ ಪ್ರಶ್ನೆಗೆ ಅವರ ಬಳಿ ಉತ್ತರವಿತ್ತು. ಇದು ಒಂದು ಗಂಟೆ ಸುಮ್ಮನಾದರೆ ಏನಾಗುತ್ತದೆ ಎಂಬುದಕ್ಕೆ ಇರಲಿಲ್ಲ. ನಿಯಂತ್ರಣ ಸಾಫ್ಟ್‌ವೇರನ್ನು ಮನೆಯಲ್ಲೇ ಇಟ್ಟುಕೊಳ್ಳಿ, ನಾನೂ ಅದನ್ನೇ ಹೇಳುತ್ತೇನೆ. ಅದು ಹೊರಗಿನ ಇಂಟರ್ನೆಟ್ ಸಂಪರ್ಕ ಕಡಿದರೂ ನಡೆಯಬೇಕು, ಅದಕ್ಕಾಗಿ. ಆದರೆ ಮನೆಯಲ್ಲಿ ಇಟ್ಟುಕೊಂಡೆವು, ಇನ್ನು ನಿದ್ದೆ ಮಾಡಬಹುದು ಎಂದುಕೊಳ್ಳಬೇಡಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ಹಣದ ಮಾತು. ಹಲವು ದೇಶಗಳಲ್ಲಿ ಇಂಥ ಸಂಸ್ಥೆಗಳ ದರವನ್ನು ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಸರ್ವರ್ ಕೊಂಡರೆ ಅದು ಆಸ್ತಿ, ಆ ಬಂಡವಾಳದ ಮೇಲೆ ಇಷ್ಟು ಲಾಭ ಎಂದು ದರದಲ್ಲಿ ಸೇರಿಸಿಕೊಳ್ಳಬಹುದು. ಕ್ಲೌಡ್ ಬಾಡಿಗೆ ಕಟ್ಟಿದರೆ ಅದು ಸಾಮಾನ್ಯವಾಗಿ ಬರೀ ಖರ್ಚು. ಆದ್ದರಿಂದ ಹಣಕಾಸು ವಿಭಾಗದವರು ಸರ್ವರ್ ಕೊಳ್ಳುವ ಕಡೆಗೇ ವಾಲುತ್ತಾರೆ. ಅಮೆರಿಕದ ಆಯೋಗಗಳ ಒಕ್ಕೂಟ 2016ರಲ್ಲೇ ಈ ತಾರತಮ್ಯವನ್ನು ಮರುಪರಿಶೀಲಿಸಿ ಎಂದು ನಿರ್ಣಯ ಮಾಡಿತು. ಲೆಕ್ಕಪತ್ರದ ಕಾರಣವನ್ನು ಸುರಕ್ಷತೆಯ ಕಾರಣವೆಂದು ಯಾರಾದರೂ ನಿಮ್ಮೆದುರು ಇಟ್ಟರೆ ಬಿಡಿಸಿ ಕೇಳಿ.

ದತ್ತಾಂಶದ ಪ್ರತಿಯ ಮಾತು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಪಿಂಚಣಿ ನಿಧಿ ಯೂನಿಸೂಪರ್‌ಗೆಂದೇ ಮೀಸಲಿಟ್ಟಿದ್ದ ಖಾಸಗಿ ಕ್ಲೌಡ್ ಅಳಿಸಿಹೋಯಿತು. ಗೂಗಲ್ ಕ್ಲೌಡ್ ಕಡೆಯ ಒಂದು ತಪ್ಪು ಸೆಟ್ಟಿಂಗ್ ಅದಕ್ಕೆ ಕಾರಣ. ಎರಡು ಬೇರೆ ಕಡೆ ಇಟ್ಟಿದ್ದದ್ದೂ ಒಟ್ಟಿಗೇ ಹೋಯಿತು. 6 ಲಕ್ಷಕ್ಕೂ ಹೆಚ್ಚು ಸದಸ್ಯರು ದಿನಗಟ್ಟಲೆ ಖಾತೆ ನೋಡಲಾಗಲಿಲ್ಲ. ಎಲ್ಲವನ್ನೂ ಮತ್ತೆ ಕಟ್ಟಲು ಬೇರೊಬ್ಬ ಸೇವಾದಾರರ ಬಳಿ ಇಟ್ಟಿದ್ದ ಇನ್ನೊಂದು ಪ್ರತಿ ನೆರವಾಯಿತು. ಹಾಗಾಗಿ ಒಂದು ಪ್ರತಿ ಬೇರೆ ಮನೆಯಲ್ಲಿ ಇರಲಿ. ಒಪ್ಪಂದ ಮುಗಿದಾಗ ನಮ್ಮ ದತ್ತಾಂಶ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ವಾಪಸು ಬರುತ್ತದೆ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.

ಜನರ ಮಾತು. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಕಂಪ್ಯೂಟರ್‌ಗಳಿಗೆ ಕನ್ನ ಹಾಕಿದವರು ಮೊದಲು ಒಳಬಂದದ್ದು ಕಚೇರಿಯ ಇಮೇಲ್ ಮೂಲಕ. ಸುಮಾರು 2,25,000 ಗ್ರಾಹಕರಿಗೆ ವಿದ್ಯುತ್ ಹೋಯಿತು. ಅದೇ ದಿನ ಕೆಲವು ಗಂಟೆಗಳಲ್ಲಿ ಅದು ಮರಳಿ ಬಂತು. ನೌಕರರು ಉಪಕೇಂದ್ರಗಳಿಗೆ ಹೋಗಿ ಬ್ರೇಕರುಗಳನ್ನು ಕೈಯಲ್ಲೇ ಹಾಕಿದ್ದರಿಂದ ಬಂತು. ಆ ಕೈಕೆಲಸ ಬಲ್ಲವರನ್ನು ಉಳಿಸಿಕೊಳ್ಳಿ.

ಕೊನೆಯದಾಗಿ, ಮೂವತ್ತು ಸಾಲುಗಳನ್ನು ಕಾಗದದ ಮೇಲೆ ಬರೆದು ನಿಲ್ಲಿಸಬೇಡಿ, ತಂತಿ ಕಿತ್ತು ನೋಡಿ. ಒಂದು ಸಂಸ್ಥೆಯಲ್ಲಿ ನಾವು ಹಾಗೆ ಮಾಡಿದೆವು. ಬಿಲ್ಲಿಂಗ್ ಕ್ಲೌಡ್‌ನಲ್ಲಿ, ನಿಯಂತ್ರಣ ಮನೆಯಲ್ಲಿ, ನಕ್ಷೆ ಅಚ್ಚುಕಟ್ಟಾಗಿತ್ತು. ಒಂದು ಭಾನುವಾರ ರಾತ್ರಿ, ಎಲ್ಲರಿಗೂ ಮೊದಲೇ ತಿಳಿಸಿ, ಹೊರಗಿನ ಸಂಪರ್ಕ ಒಂದು ಗಂಟೆ ಕಡಿದೆವು. ನಿಯಂತ್ರಣ ಸಾಫ್ಟ್‌ವೇರ್ ಚೆನ್ನಾಗಿಯೇ ನಡೆಯುತ್ತಿತ್ತು. ಅರ್ಧ ಗಂಟೆಗೆ ಪಾಳಿ ಬದಲಾಯಿತು. ಹೊಸದಾಗಿ ಬಂದ ಹುಡುಗಿ ಪರದೆಯ ಮುಂದೆ ಕೂತು ತನ್ನ ಹೆಸರು, ಪಾಸ್‌ವರ್ಡ್ ಒತ್ತಿದಳು. ಪರದೆ ತೆರೆಯಲಿಲ್ಲ. ಪಾಸ್‌ವರ್ಡ್ ಸರಿಯಿದೆಯೇ ಎಂದು ನೋಡುವ ವ್ಯವಸ್ಥೆಯನ್ನು ಹಿಂದಿನ ವರ್ಷ ಯಾರೋ ಕ್ಲೌಡ್‌ಗೆ ಸಾಗಿಸಿದ್ದರು. ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಮಾರನೆಯ ದಿನ ಮೂವತ್ತೊಂದನೇ ಸಾಲು ಬರೆದು, ಆ ವ್ಯವಸ್ಥೆಯ ಒಂದು ಪ್ರತಿಯನ್ನು ನಿಯಂತ್ರಣ ಕೊಠಡಿಯೊಳಗೇ ಕೂರಿಸಿದೆವು.

ನಮಸ್ಕಾರ.